ಆಪರೇಟರುಗಳೇ ಎಸ್‌ಒಪಿ ತಿದ್ದಿದ ಆರು ದಿನ: ಒಂದು ಸುರಕ್ಷತಾ ತರಬೇತಿ ಸೇವೆಯ ವಿಮರ್ಶೆ

ಬೀದರ್ ಜಿಲ್ಲೆಯ ಬಲ್ಕ್ ಡ್ರಗ್ ಘಟಕವೊಂದರಲ್ಲಿ, ಅಂದರೆ ಔಷಧಿಗಳ ಮೂಲ ರಾಸಾಯನಿಕ ತಯಾರಿಸುವ ಕಾರ್ಖಾನೆಯಲ್ಲಿ, ನಾನು ಸುರಕ್ಷತಾ ಅಧಿಕಾರಿ. ಟೊಲ್ವೀನ್, ಮೆಥನಾಲ್, ಅಸಿಟೋನ್ ಮೊದಲಾದ ದ್ರಾವಕಗಳು ನಮ್ಮಲ್ಲಿ ಮೂರೂ ಪಾಳಿಗಳಲ್ಲಿ ಡ್ರಮ್ಮುಗಟ್ಟಲೆ ಬಳಕೆಯಾಗುತ್ತವೆ. ಅಪಾಯಕಾರಿ ಕೆಲಸಗಳ ಕಾರ್ಯವಿಧಾನಗಳನ್ನು ಕಾರ್ಮಿಕರ ಜೊತೆಗೂಡಿ ಪರಿಷ್ಕರಿಸಿ, ಅವರ ಸಾಮರ್ಥ್ಯವನ್ನು ಅಳೆದು ಕೊಡುತ್ತೇವೆ ಎಂದು ಹೇಳಿಕೊಳ್ಳುವ ಸಲಹಾ ಸಂಸ್ಥೆಯೊಂದರ ಸೇವೆಯನ್ನು ನಾವು ಕಳೆದ ವರ್ಷ ಪಡೆದೆವು. ಬೆಂಗಳೂರಿನಿಂದ ಬಂದ ಇಬ್ಬರು ತರಬೇತುದಾರರು ಮೊದಲು ನಾಲ್ಕು ದಿನ, ಒಂದು ತಿಂಗಳ ನಂತರ ಅದೇ ಸಂಸ್ಥೆಯ ಬೇರೆಯವರು ಎರಡು ದಿನ, ಹೀಗೆ ಒಟ್ಟು ಆರು ದಿನ ಕೆಲಸ ಮಾಡಿದರು. ಶುಲ್ಕ, ಪ್ರಯಾಣ, ವಸತಿ ಎಲ್ಲ ಸೇರಿ 1,80,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಸಂಸ್ಥೆಯ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ಮುಂದೆ ಬರುವ ಮಾತುಗಳಲ್ಲಿ ಹೊಗಳಿಕೆಯಷ್ಟೇ ದೂರೂ ಇದೆ, ಮೇಲಾಗಿ ಇಂಥ ಸೇವೆಯನ್ನು ಕೊಳ್ಳುವವರು ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂಬುದು ಹೆಸರಿಗಿಂತ ಮುಖ್ಯ ಎಂದು ನನಗೆ ಅನ್ನಿಸಿದೆ.

ಈ ಸೇವೆಯನ್ನು ನಾವು ಹುಡುಕಿಕೊಂಡು ಹೋಗಲು ಒಂದು ಸಣ್ಣ ಘಟನೆ ಕಾರಣ. ಟೊಲ್ವೀನ್ ಡ್ರಮ್ಮಿನಿಂದ ರಿಯಾಕ್ಟರಿಗೆ, ಅಂದರೆ ರಾಸಾಯನಿಕ ಕ್ರಿಯೆ ನಡೆಯುವ ಮುಚ್ಚಿದ ಪಾತ್ರೆಗೆ, ದ್ರಾವಕ ಎಳೆಯುತ್ತಿದ್ದಾಗ ಹೆಲ್ಪರ್ ಒಬ್ಬನ ಬೆರಳಿಗೆ ಡ್ರಮ್ಮಿನ ಬಾಯಿಯ ಬಳಿ ಚುರುಕ್ಕೆಂದು ಕಿಡಿ ತಾಗಿತು. ಬೆಂಕಿ ಹೊತ್ತಲಿಲ್ಲ. ಟೊಲ್ವೀನ್‌ನ ಫ್ಲ್ಯಾಶ್ ಪಾಯಿಂಟ್, ಅಂದರೆ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಏಳುವ ಕನಿಷ್ಠ ಉಷ್ಣತೆ, ಸುಮಾರು 4 ಡಿಗ್ರಿ ಸೆಲ್ಸಿಯಸ್. ಅಂದರೆ ಬೀದರಿನ ಚಳಿಗಾಲದ ರಾತ್ರಿಯಲ್ಲೂ ಅದರ ಆವಿ ಹೊತ್ತಿಕೊಳ್ಳಲು ಸಿದ್ಧವಾಗಿಯೇ ಇರುತ್ತದೆ, ಗಾಳಿಯಲ್ಲಿ ಶೇ 1.1ರ ಆಸುಪಾಸಿನಷ್ಟು ಆವಿ ಬೆರೆತರೂ ಸಾಕು. ಅದು ವಿದ್ಯುತ್ತನ್ನು ಬಹಳ ಕಡಿಮೆ ಹರಿಯಗೊಡುವ ದ್ರಾವಕವಾದ್ದರಿಂದ ಪೈಪಿನಲ್ಲಿ ಹರಿಯುವಾಗ ಹುಟ್ಟುವ ಸ್ಥಿರ ವಿದ್ಯುತ್ತು ಬೇಗ ಇಳಿದುಹೋಗುವುದಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಆದರೂ ಆ ಘಟನೆಯ ತನಿಖಾ ವರದಿಯಲ್ಲಿ ನಾನು ಬರೆದದ್ದು ಇಷ್ಟೇ: ಕಾರಣ, ಕಾರ್ಯವಿಧಾನವನ್ನು ಪಾಲಿಸದಿರುವುದು, ಕ್ರಮ, ಮರುತರಬೇತಿ. ಆ ಕಾರ್ಯವಿಧಾನವನ್ನು, ಅಂದರೆ ನಾವು ಎಸ್‌ಒಪಿ ಎಂದು ಕರೆಯುವ ಆ ಹನ್ನೊಂದು ಪುಟಗಳನ್ನು, ಬರೆದವನೂ ನಾನೇ. ವರದಿ ಓದಿದ ನಮ್ಮ ಘಟಕದ ಮುಖ್ಯಸ್ಥರು, ಒಂದೇ ಎಸ್‌ಒಪಿಯ ಮೇಲೆ ಇದು ನಾಲ್ಕನೇ ಮರುತರಬೇತಿಯಲ್ಲವೇ ಎಂದು ಕೇಳಿದರು. ಉತ್ತರ ನನ್ನಲ್ಲಿ ಇರಲಿಲ್ಲ.

ಕಾರ್ಮಿಕರನ್ನು ಸುರಕ್ಷತೆಯ ನಿರ್ವಹಣೆಯಲ್ಲಿ ಸೇರಿಸಿಕೊಳ್ಳಬೇಕೆಂಬುದು ನಮ್ಮ ದೇಶದಲ್ಲಿ ಹೊಸ ಮಾತೇನಲ್ಲ. 1984ರ ಡಿಸೆಂಬರ್‌ನ ಭೋಪಾಲ್ ದುರಂತದ ನಂತರ, 1987ರಲ್ಲಿ, ಕಾರ್ಖಾನೆಗಳ ಕಾಯ್ದೆಗೆ ಅಪಾಯಕಾರಿ ಪ್ರಕ್ರಿಯೆಗಳ ಕುರಿತ ಪ್ರತ್ಯೇಕ ಅಧ್ಯಾಯವೊಂದು ಸೇರಿತು. ಅದರ 41-ಜಿ ಕಲಂ ಕಾರ್ಮಿಕರ ಮತ್ತು ಆಡಳಿತದ ಪ್ರತಿನಿಧಿಗಳು ಸಮಸಂಖ್ಯೆಯಲ್ಲಿರುವ ಸುರಕ್ಷತಾ ಸಮಿತಿ ಇರಬೇಕೆಂದಿತು. 41-ಎಚ್ ಕಲಂ, ಕೂಡಲೇ ಅಪಾಯವಾಗುವ ಸಂಭವವಿದೆ ಎಂದು ಅನ್ನಿಸಿದರೆ ಅದನ್ನು ಆಡಳಿತಕ್ಕೂ ಕಾರ್ಖಾನೆಗಳ ಇನ್‌ಸ್ಪೆಕ್ಟರರಿಗೂ ತಿಳಿಸುವ ಹಕ್ಕನ್ನು ಕಾರ್ಮಿಕನಿಗೆ ಕೊಟ್ಟಿತು. ಆ ಕಾಯ್ದೆಯ ಬದಲಿಗೆ ಬಂದ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯೂ ಸುರಕ್ಷತಾ ಸಮಿತಿಯನ್ನು ಉಳಿಸಿಕೊಂಡಿದೆ. ನಮ್ಮಲ್ಲಿಯೂ ಸಮಿತಿ ಇದೆ, ಸಭೆಗಳು ತಪ್ಪದೆ ನಡೆಯುತ್ತವೆ, ನಡಾವಳಿಗೆ ಸಹಿಗಳೂ ಬೀಳುತ್ತವೆ. ಆದರೆ ಹಿಂದಿನ ಎರಡು ವರ್ಷದ ನಡಾವಳಿ ತೆಗೆದು ನೋಡಿದರೆ ಗಮ್‌ಬೂಟಿನ ಅಳತೆ, ಕ್ಯಾಂಟೀನಿನ ನೀರು, ಹಿಂಬದಿ ಗೇಟಿನ ಟ್ಯೂಬ್‌ಲೈಟು ಇವುಗಳ ಆಚೆಗೆ ಮಾತು ಹೋದದ್ದೇ ಇಲ್ಲ. ಒಂದೇ ಒಂದು ಎಸ್‌ಒಪಿಯ ಒಂದು ಸಾಲೂ ಅಲ್ಲಿ ಚರ್ಚೆಗೆ ಬಂದಿರಲಿಲ್ಲ. ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನದಂದು ಘೋಷವಾಕ್ಯ ಸ್ಪರ್ಧೆ ನಡೆಸಿ, ಗೆದ್ದವರಿಗೆ ಸ್ಟೀಲ್ ಡಬ್ಬಿ ಕೊಡುವುದನ್ನೇ ನಾವೂ ಸಹಭಾಗಿತ್ವ ಎಂದು ನಂಬಿಕೊಂಡಿದ್ದೆವು.

ತರಬೇತುದಾರರಲ್ಲಿ ಒಬ್ಬರು ಕಾರ್ಖಾನೆಯಲ್ಲೇ ಕೂದಲು ಹಣ್ಣಾದ ನಿವೃತ್ತ ಪ್ರೊಡಕ್ಷನ್ ಮನುಷ್ಯ, ಇನ್ನೊಬ್ಬರು ಕೆಮಿಕಲ್ ಎಂಜಿನಿಯರಿಂಗ್ ಓದಿದ ಯುವತಿ. ಬಂದ ದಿನ ಅವರು ಲ್ಯಾಪ್‌ಟಾಪನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. ಶೂ ಬದಲಾಯಿಸಿ, ಹೆಲ್ಮೆಟ್ ಹಾಕಿಕೊಂಡು ಮಧ್ಯಾಹ್ನದ ಪಾಳಿಯವರ ಜೊತೆ ನಿಂತವರು ರಾತ್ರಿ ಪಾಳಿ ಅರ್ಧವಾಗುವವರೆಗೂ ಅಲ್ಲೇ ಇದ್ದರು. ಮರುದಿನ ಬೆಳಗ್ಗೆ ಹತ್ತು ಜನ ಆಪರೇಟರುಗಳನ್ನು ಕೋಣೆಯೊಂದರಲ್ಲಿ ಕೂರಿಸಿ, ಪ್ರೊಡಕ್ಷನ್ ಮ್ಯಾನೇಜರರನ್ನೂ ನನ್ನನ್ನೂ ದಯವಿಟ್ಟು ಹೊರಗಿರಿ ಎಂದರು. ನನಗೆ ಸಿಟ್ಟು ಬಂತು ಎಂಬುದನ್ನು ಮುಚ್ಚಿಡುವುದಿಲ್ಲ. ದುಡ್ಡು ಕೊಟ್ಟವರು ನಾವು, ಎಸ್‌ಒಪಿ ನನ್ನದು, ನನ್ನನ್ನೇ ಬಾಗಿಲಾಚೆ ನಿಲ್ಲಿಸುವುದೆಂದರೇನು? ಎರಡು ಗಂಟೆಗಳ ನಂತರ ಒಳಗೆ ಕರೆದಾಗ ಗೋಡೆಯ ಮೇಲೆ ಮೂವತ್ತೇಳು ಹಳದಿ ಚೀಟಿಗಳಿದ್ದವು. ಯಾವ ಚೀಟಿಯಲ್ಲೂ ಹೆಸರಿರಲಿಲ್ಲ, ಕೈಬರಹ ಗುರುತು ಸಿಗದಿರಲೆಂದು ಅಷ್ಟನ್ನೂ ಆ ಯುವತಿಯೇ ಬರೆದಿದ್ದರು. ಪ್ರತಿಯೊಂದು ಚೀಟಿಯೂ ನನ್ನ ಎಸ್‌ಒಪಿ ಹೇಳುವುದಕ್ಕೂ ನೆಲದ ಮೇಲೆ ನಡೆಯುವುದಕ್ಕೂ ಇರುವ ಒಂದೊಂದು ಅಂತರ.

ಆ ಮೂವತ್ತೇಳರಲ್ಲಿ ಎರಡನ್ನು ಮಾತ್ರ ಇಲ್ಲಿ ಬಿಡಿಸಿ ಹೇಳುತ್ತೇನೆ, ಏಕೆಂದರೆ ಈ ಸೇವೆಯ ಬೆಲೆಯೆಲ್ಲ ಆ ಎರಡರಲ್ಲೇ ಹುಟ್ಟಿತು ಎಂದು ನಾನು ಲೆಕ್ಕ ಹಾಕಿದ್ದೇನೆ.

ಮೊದಲನೆಯದು ಅರ್ಥಿಂಗ್ ಕ್ಲಾಂಪಿನದು, ಅಂದರೆ ಸ್ಥಿರ ವಿದ್ಯುತ್ತನ್ನು ಭೂಮಿಗೆ ಇಳಿಸುವ ಕೇಬಲ್ಲಿನ ತುದಿಯ ಚಿಮ್ಮಟದಂಥ ಹಿಡಿಕೆಯದು. ದ್ರಾವಕ ಎಳೆಯುವ ಮೊದಲು ಡ್ರಮ್ಮಿಗೆ ಅರ್ಥಿಂಗ್ ಕ್ಲಾಂಪ್ ಹಾಕಬೇಕು ಎಂಬುದು ನನ್ನ ಎಸ್‌ಒಪಿಯ ಆರನೇ ಹೆಜ್ಜೆ. ಅದರ ಪಕ್ಕದಲ್ಲಿ ಹೌದು, ಇಲ್ಲ ಎಂದು ಗುರುತು ಹಾಕುವ ಚೌಕಗಳಿದ್ದವು. ಕಿಡಿ ಹಾರಿದ ದಿನವೂ ಹೌದು ಎಂಬಲ್ಲಿ ಗುರುತು ಬಿದ್ದಿತ್ತು. ತರಬೇತುದಾರರು ಆ ಕೆಲಸವನ್ನು ಜಾಗದಲ್ಲೇ ನಡೆದು ತೋರಿಸಿ, ಪ್ರತಿ ಹೆಜ್ಜೆಯನ್ನೂ ಬಾಯಲ್ಲಿ ಹೇಳಿ ಎಂದು ಕೇಳಿದರು. ಹದಿನಾಲ್ಕು ವರ್ಷ ಸರ್ವೀಸಾದ ಆಪರೇಟರ್ ಒಬ್ಬರು ಕ್ಲಾಂಪನ್ನು ಕೈಯಲ್ಲಿ ಹಿಡಿದು ಡ್ರಮ್ಮಿನ ಕಡೆಗೆ ಎಳೆದು ತೋರಿಸಿ, "ಪುಸ್ತಕದಾಗ ಅರ್ಥಿಂಗ್ ಅದ್ರಿ, ಡ್ರಮ್ಮಿಗಿ ಮುಟ್ಟಂಗಿಲ್ಲ" ಎಂದರು. ಕೇಬಲ್ಲು ಡ್ರಮ್ಮಿಗಿಂತ ಒಂದು ಮಾರು ಮೊದಲೇ ಬಿಗಿಯಾಗಿ ನಿಂತಿತ್ತು. ಹಿಂದೊಮ್ಮೆ ಚೆಲ್ಲಿದ ದ್ರಾವಕ ಹರಿಯದಂತೆ ಕಟ್ಟೆ ಕಟ್ಟಿಸಿದಾಗ ಡ್ರಮ್ ನಿಲ್ಲಿಸುವ ಜಾಗವನ್ನು ಗೋಡೆಯತ್ತ ಸರಿಸಿದ್ದೆವು, ಕೇಬಲ್ಲನ್ನು ಉದ್ದ ಮಾಡಿಸಿರಲಿಲ್ಲ. ಅಂದಿನಿಂದ ಕ್ಲಾಂಪನ್ನು ಪಂಪಿನ ಸ್ಟ್ಯಾಂಡಿಗೆ ಕಚ್ಚಿಸುತ್ತಿದ್ದರು. ಆ ಸ್ಟ್ಯಾಂಡಿಗೆ ನಾವೇ ಎರಡು ಕೋಟು ಬಣ್ಣ ಹೊಡೆಸಿದ್ದೆವು. ಅಲ್ಲಿದ್ದ ಡ್ರಮ್ಮುಗಳನ್ನೆಲ್ಲ ಹೊರಗೆ ಸಾಗಿಸಿ, ಪರ್ಮಿಟ್ (ಅಪಾಯದ ಕೆಲಸಕ್ಕೆ ಬೇಕಾದ ಲಿಖಿತ ಅನುಮತಿ) ಮಾಡಿ, ಎಲೆಕ್ಟ್ರಿಷಿಯನ್ನಿನಿಂದ ಮೀಟರ್ ಇಡಿಸಿ ನೋಡಿದರೆ ಸ್ಟ್ಯಾಂಡಿಗೂ ಭೂಮಿಗೂ ಸಂಪರ್ಕವೇ ಇರಲಿಲ್ಲ. ಆಪರೇಟರ್ ಹಾಕಿದ ಗುರುತು ಸುಳ್ಳಲ್ಲ, ಅವರು ಕ್ಲಾಂಪ್ ಹಾಕಿದ್ದರು. ಸುಳ್ಳಾಗಿದ್ದದ್ದು ನನ್ನ ಆರನೇ ಹೆಜ್ಜೆ.

ಈಗ ಅಲ್ಲಿ ಉದ್ದದ ಕೇಬಲ್ಲು, ಬಣ್ಣವನ್ನು ಕೊರೆದು ಲೋಹಕ್ಕೆ ಕಚ್ಚುವ ಮೊನಚು ಹಲ್ಲಿನ ಕ್ಲಾಂಪು ಇವೆ, ಸಂಪರ್ಕದ ರೋಧ 10 ಓಮ್‌ಗಿಂತ ಕಡಿಮೆ ಇದೆಯೇ ಎಂದು ನೋಡುವ ತಿಂಗಳ ತಪಾಸಣೆಯೂ ಇದೆ. ಹೊಸ ಎಸ್‌ಒಪಿಯಲ್ಲಿ ಹೌದು, ಇಲ್ಲ ಎಂಬ ಚೌಕ ಹೋಗಿ, ಡ್ರಮ್ಮಿನ ಯಾವ ಅಂಚಿಗೆ ಕ್ಲಾಂಪ್ ಕಚ್ಚಿಸಬೇಕು, ಕಚ್ಚಿಸಿದ ಮೇಲೆ ಒಮ್ಮೆ ತಿರುಗಿಸಿ ಬಣ್ಣ ಸುಲಿಯುವಂತೆ ಹೇಗೆ ಮಾಡಬೇಕು ಎಂಬುದು ಬಂದಿದೆ. ಆ ತಿರುಗಿಸುವ ಮಾತು ಯಾವ ಪುಸ್ತಕದಿಂದಲೂ ಬಂದದ್ದಲ್ಲ. ರಾತ್ರಿ ಪಾಳಿಯ ಹೆಲ್ಪರ್ ಒಬ್ಬನ ರೂಢಿ ಅದು.

ಎರಡನೆಯದು ನೈಟ್ರೋಜನ್ನಿನದು. ದ್ರಾವಕ ಹಾಕುವ ಮೊದಲು ರಿಯಾಕ್ಟರಿನೊಳಗಿನ ಆಮ್ಲಜನಕವನ್ನು ಓಡಿಸಲು 10 ನಿಮಿಷ ನೈಟ್ರೋಜನ್ ಪರ್ಜ್ ಮಾಡಬೇಕು, ಅಂದರೆ ನೈಟ್ರೋಜನ್ ಹರಿಯಬಿಡಬೇಕು ಎಂದು ನಾನು ಬರೆದಿದ್ದೆ. ಆ ಲೆಕ್ಕ ನಾನು ಮನೆಯಿಂದ ತಂದದ್ದಲ್ಲ, ರಿಯಾಕ್ಟರಿನ ಗಾತ್ರವನ್ನೂ ಹೆಡರಿನ, ಅಂದರೆ ನೈಟ್ರೋಜನ್ ತರುವ ಮುಖ್ಯ ಪೈಪಿನ, ಒತ್ತಡವನ್ನೂ ಇಟ್ಟುಕೊಂಡು ಮಾಡಿದ ಲೆಕ್ಕ. ಆಪರೇಟರುಗಳ ಮಾತು ಬೇರೆಯೇ ಇತ್ತು: "ಎರಡು ರಿಯಾಕ್ಟರ್ ಕೂಡಿ ಪರ್ಜ್ ಹಚ್ಚಿದ್ರ ಜೋರು ಇರಂಗಿಲ್ರಿ. ಹತ್ತು ನಿಮಿಷ ಅಂದ್ರ ಅವಾಗ ಹತ್ತು ನಿಮಿಷ ಅಲ್ಲ." ಹೆಡರ್ ಒಂದೇ, ರಿಯಾಕ್ಟರುಗಳು ನಾಲ್ಕು, ಉತ್ಪಾದನೆಯ ಒತ್ತಡ ಇದ್ದ ದಿನ ಎರಡಕ್ಕೆ ಒಟ್ಟಿಗೆ ಪರ್ಜ್ ಕೊಟ್ಟರೆ ಒತ್ತಡ ಇಳಿಯುತ್ತದೆ, ಗಡಿಯಾರ ಮಾತ್ರ ತನ್ನ ಪಾಡಿಗೆ ಹತ್ತು ನಿಮಿಷ ಎಣಿಸುತ್ತದೆ. ಅವರ ಕಿವಿಗೆ ಅದು ಶಬ್ದದಲ್ಲೇ ತಿಳಿಯುತ್ತಿತ್ತು. ಕೆಲವರು ಹದಿನೈದು, ಇಪ್ಪತ್ತು ನಿಮಿಷ ಕೊಟ್ಟು, ದಾಖಲೆಯಲ್ಲಿ ಮಾತ್ರ ಎಸ್‌ಒಪಿಯಲ್ಲಿದ್ದಂತೆ ಹತ್ತು ಎಂದೇ ಬರೆಯುತ್ತಿದ್ದರು. ಹೊಸಬರು ನಿಜವಾಗಿಯೂ ಹತ್ತೇ ಕೊಡುತ್ತಿದ್ದರು. ಅಂದರೆ ನಮ್ಮಲ್ಲಿ ಸುರಕ್ಷಿತವಾಗಿ ನಡೆಯುತ್ತಿದ್ದ ಕೆಲಸ ಕಾಗದದ ಮೇಲೆ ಇರಲಿಲ್ಲ, ಕಾಗದದ ಮೇಲಿದ್ದ ಕೆಲಸ ಸುರಕ್ಷಿತವಾಗಿರಲಿಲ್ಲ, ಮತ್ತು ಹೊಸಬರಿಗೆ ನಾವು ಕಲಿಸುತ್ತಿದ್ದದ್ದು ಕಾಗದವನ್ನು. ಈಗ ನಿಮಿಷದ ಲೆಕ್ಕ ಬಿಟ್ಟು, ಆಮ್ಲಜನಕದ ಮೀಟರಿನಲ್ಲಿ ನಮ್ಮ ಘಟಕ ಇಟ್ಟುಕೊಂಡ ಶೇ 5ರ ಮಿತಿಗಿಂತ ಕೆಳಗೆ ಇಳಿಯುವವರೆಗೂ ಪರ್ಜ್ ಮಾಡುವ ಕ್ರಮಕ್ಕೆ ಬಂದಿದ್ದೇವೆ.

ಉಳಿದ ಚೀಟಿಗಳಲ್ಲಿ ಹೆಚ್ಚಿನವು ಸಣ್ಣವು. ಟ್ಯಾಗ್ ಉದುರಿಹೋದ ವಾಲ್ವುಗಳು, ಏಣಿ ಹತ್ತದೆ ಕಾಣದ ಒತ್ತಡದ ಗೇಜು, ಕೈಗವಸು ಹಾಕಿಕೊಂಡು ಬರೆಯಲಾಗದಷ್ಟು ಇಕ್ಕಟ್ಟಿನ ಲಾಗ್‌ಶೀಟು, ಇಂಥವು. ನಾಲ್ಕೈದು ತಪ್ಪು ಗ್ರಹಿಕೆಗಳೂ ಇದ್ದವು. ಆಪರೇಟರುಗಳು ಹೇಳಿದ್ದೆಲ್ಲ ಸರಿಯಾಗಿರಲಿಲ್ಲ. ನೈಟ್ರೋಜನ್ ವಿಷವಲ್ಲ, ಆದ್ದರಿಂದ ರಿಯಾಕ್ಟರಿನ ಮೇಲಿನ ಬಾಯಿಯಾದ ಮ್ಯಾನ್‌ಹೋಲಿನಲ್ಲಿ ಒಂದು ಕ್ಷಣ ತಲೆ ಹಾಕಿ ನೋಡಿದರೆ ಏನೂ ಆಗದು ಎಂದು ಇಬ್ಬರು ನಂಬಿದ್ದರು. ಆಮ್ಲಜನಕವಿಲ್ಲದ ಜಾಗದಲ್ಲಿ ಎರಡೇ ಉಸಿರಿಗೆ ಪ್ರಜ್ಞೆ ತಪ್ಪಬಹುದು ಎಂಬುದನ್ನು ಆ ಹಿರಿಯ ತರಬೇತುದಾರರು ಬೈಯದೆ, ನಗದೆ, ಮೀಟರನ್ನು ಹಗ್ಗ ಕಟ್ಟಿ ಒಳಗಿಳಿಸಿ ಆಮ್ಲಜನಕದ ಅಂಕಿ ಇಳಿಯುವುದನ್ನು ಅವರ ಕಣ್ಣೆದುರೇ ತೋರಿಸಿ ತಿಳಿಸಿದರು. ಕಾರ್ಮಿಕರನ್ನು ಕೇಳುವುದೆಂದರೆ ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು ಎಂದು ತಿಳಿದ ತರಬೇತುದಾರರನ್ನೂ ನಾನು ನೋಡಿದ್ದೇನೆ, ಇವರು ಹಾಗಿರಲಿಲ್ಲ.

ಪಾಳಿ ಬದಲಾಗುವಾಗಿನ ಹ್ಯಾಂಡ್‌ಓವರ್ ಕುರಿತ ಒಂದು ತಾಸಿನ ಪಾಠವೂ ಮೆಚ್ಚುವಂತಿತ್ತು. ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲವೇದಿಕೆಯಲ್ಲಿ 1988ರ ಜುಲೈ 6ರ ರಾತ್ರಿ 167 ಜನ ಸತ್ತ ಕಥೆಯನ್ನು ಅನೇಕರು ಬೆಂಕಿಯ ಚಿತ್ರಗಳಿಂದ ಆರಂಭಿಸುತ್ತಾರೆ. ಇವರು ಎರಡು ಪರ್ಮಿಟ್ ಕಾಗದಗಳಿಂದ ಆರಂಭಿಸಿದರು. ಎ ಪಂಪಿನ ದುರಸ್ತಿಗೆ ಒಂದು ಪರ್ಮಿಟ್, ಅದೇ ಪಂಪಿನ ಸೇಫ್ಟಿ ವಾಲ್ವನ್ನು (ಒತ್ತಡ ಮಿತಿಮೀರಿದರೆ ತಾನೇ ತೆರೆದುಕೊಳ್ಳುವ ವಾಲ್ವು) ಬಿಚ್ಚಿದ್ದಕ್ಕೆ ಇನ್ನೊಂದು. ರಾತ್ರಿ ಬಿ ಪಂಪ್ ನಿಂತಾಗ ಕಂಟ್ರೋಲ್ ರೂಮಿನವರ ಕಣ್ಣಿಗೆ ಬಿದ್ದದ್ದು ಮೊದಲನೆಯ ಕಾಗದ ಮಾತ್ರ. ದುರಸ್ತಿ ಇನ್ನೂ ಶುರುವಾಗಿಲ್ಲ ಎಂದು ತಿಳಿದು ಎ ಪಂಪನ್ನು ಚಾಲೂ ಮಾಡಿದರು. ಸೇಫ್ಟಿ ವಾಲ್ವಿನ ಜಾಗದಲ್ಲಿ ಇದ್ದದ್ದು ತಾತ್ಕಾಲಿಕವಾಗಿ ಮುಚ್ಚಿದ ಒಂದು ತಟ್ಟೆ, ಅಲ್ಲಿಂದ ಸೋರಿದ್ದೇ ಹೊತ್ತಿಕೊಂಡಿತು. ಇಷ್ಟು ಹೇಳಿ, ನಮ್ಮದೇ ಹ್ಯಾಂಡ್‌ಓವರ್ ಪುಸ್ತಕವನ್ನು ತರಿಸಿ, ಹಿಂದಿನ ವಾರದ ಒಂದು ಪುಟ ತೆರೆದು, ಈ ಪುಟ ಓದಿದವನಿಗೆ ಮೂರನೇ ರಿಯಾಕ್ಟರಿನ ರಿಲೀಫ್ ವಾಲ್ವ್, ಅಂದರೆ ಅಂಥದೇ ಸೇಫ್ಟಿ ವಾಲ್ವ್, ಬಿಚ್ಚಿತ್ತೋ ಇಲ್ಲವೋ ಗೊತ್ತಾಗುತ್ತದೆಯೇ ಎಂದು ಆಪರೇಟರುಗಳನ್ನು ಕೇಳಿದರು. ಆ ಪುಟದಲ್ಲಿ "ಎಲ್ಲ ಓಕೆ" ಎಂದಷ್ಟೇ ಇತ್ತು. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ.

ಇಲ್ಲಿಂದ ಮುಂದಿನದು ದೂರು.

ತಿದ್ದಿದ ಎಸ್‌ಒಪಿಗಳನ್ನು ಕನ್ನಡದಲ್ಲಿ ಕೊಡುತ್ತೇವೆ ಎಂಬುದು ಒಪ್ಪಂದದಲ್ಲಿತ್ತು. ನೆಲದ ಮೇಲೆ ಆಪರೇಟರುಗಳ ಮಾತಿನಲ್ಲೇ ಹುಟ್ಟಿದ ಹೆಜ್ಜೆಗಳು ಬೆಂಗಳೂರಿಗೆ ಹೋಗಿ, ಇಂಗ್ಲಿಷಾಗಿ, ಮತ್ತೆ ಯಾರೋ ಭಾಷಾಂತರಕಾರರ ಕೈಯಲ್ಲಿ ಕನ್ನಡವಾಗಿ ಮರಳಿದವು. ವಾಲ್ವ್ ಕವಾಟವಾಗಿತ್ತು, ಅರ್ಥಿಂಗ್ ಭೂಸಂಪರ್ಕವಾಗಿತ್ತು, ಮ್ಯಾನ್‌ಹೋಲ್ ಮಾನವ ರಂಧ್ರವಾಗಿತ್ತು. "ನಿಷ್ಕ್ರಿಯಗೊಳಿಸಲಾದ ಪಾತ್ರೆಯ ಮಾನವ ರಂಧ್ರದ ಕವಾಟವನ್ನು ತೆರೆಯತಕ್ಕದ್ದಲ್ಲ" ಎಂಬ ಸಾಲನ್ನು ನಾನು ಗಟ್ಟಿಯಾಗಿ ಓದಿದಾಗ, ಆ ಸಾಲನ್ನು ಮೂಲದಲ್ಲಿ ಹೇಳಿದ ಆಪರೇಟರೇ ಇದು ಯಾವ ಕೆಲಸ ಎಂದು ಕೇಳಿದರು. ಕನ್ನಡದ ಮೇಲಿನ ಗೌರವದಿಂದಲೇ ಹೇಳುತ್ತೇನೆ: ರಾತ್ರಿ ಎರಡು ಗಂಟೆಗೆ, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡವನು ಓದಬೇಕಾದ ಕಾಗದದಲ್ಲಿ ಅವನು ದಿನವೂ ಆಡುವ ವಾಲ್ವ್ ಎಂಬ ಪದವೇ ಕನ್ನಡ. ಕೊನೆಗೆ ಆ ಪ್ರತಿಗಳನ್ನು ಬದಿಗಿಟ್ಟು, ಗೋಡೆಯ ಚೀಟಿಗಳ ಫೋಟೋಗಳನ್ನು ಇಟ್ಟುಕೊಂಡು, ಇಬ್ಬರು ಆಪರೇಟರುಗಳ ಜೊತೆ ಕೂತು ನಾನೇ ಎರಡು ವಾರ ಬರೆದೆ. ಹನ್ನೊಂದು ಪುಟ ಮೂರು ಪುಟವಾಯಿತು. ಈ ಕೆಲಸಕ್ಕೆ ನಾವು ಸಂಸ್ಥೆಗೂ ದುಡ್ಡು ಕೊಟ್ಟಿದ್ದೇವೆ ಎಂಬುದು ಇನ್ನೂ ಚುಚ್ಚುತ್ತದೆ.

ಸಾಮರ್ಥ್ಯ ಮೌಲ್ಯಮಾಪನ ಎಂದು ದೊಡ್ಡದಾಗಿ ಹೇಳಿದ್ದ ಕೊನೆಯ ಎರಡು ದಿನಗಳು ಅದಕ್ಕಿಂತಲೂ ನಿರಾಸೆ ತಂದವು. ಬಂದವರೇ ಬೇರೆ ತರಬೇತುದಾರರು. ಮುಂಜಾನೆಯಿಂದ ಸಂಜೆಯವರೆಗೆ ಇಂಗ್ಲಿಷ್ ಸ್ಲೈಡುಗಳು, ನಂತರ ಸರಿ ಉತ್ತರಕ್ಕೆ ಗುರುತು ಹಾಕುವ 25 ಪ್ರಶ್ನೆಗಳು, ಎಲ್ಲರಿಗೂ ಬಣ್ಣದ ಸರ್ಟಿಫಿಕೇಟು. ಅತಿ ಕಡಿಮೆ ಅಂಕ ಬಂದದ್ದು ಯಾರಿಗೆ ಗೊತ್ತೇ? ನೈಟ್ರೋಜನ್ನಿನ ಶಬ್ದ ಕೇಳಿಯೇ ಹೆಡರಿನ ಒತ್ತಡ ಹೇಳುವ ಆ ಆಪರೇಟರಿಗೆ. ಅವರ ಓದು ನಿಧಾನ, ಕೊನೆಯ ಐದು ಪ್ರಶ್ನೆಗಳನ್ನು ಅವರು ತಲುಪಲೇ ಇಲ್ಲ. ಅತಿ ಹೆಚ್ಚು ಅಂಕ ಬಂದ ಹುಡುಗ ಸೇರಿ ಮೂರು ತಿಂಗಳಾಗಿತ್ತು, ಮೀಟರನ್ನು ಸೊನ್ನೆಗೆ ಹೊಂದಿಸುವುದು ಅವನಿಗೆ ಬರುತ್ತಿರಲಿಲ್ಲ. ಮೊದಲ ನಾಲ್ಕು ದಿನ ನಡೆದು ತೋರಿಸಿ, ಹೇಳಿ ತೋರಿಸಿ ಎಂದು ಕಲಿಸಿದ ಸಂಸ್ಥೆಯೇ, ಅಳೆಯುವ ಹೊತ್ತಿಗೆ ಹಳೆಯ ದಾರಿಗೆ ಬಿದ್ದದ್ದು ನನಗೆ ಅರ್ಥವಾಗಲಿಲ್ಲ. ಬಹುಶಃ ಆಡಿಟರಿಗೆ ಕಡತದಲ್ಲಿ ಅಂಕಪಟ್ಟಿ ಬೇಕು, ಅದನ್ನು ಕೊಡುವುದು ಸುಲಭ. ನಾವು ಈಗ ನಮ್ಮದೇ ಕ್ರಮ ಮಾಡಿಕೊಂಡಿದ್ದೇವೆ: ಪ್ರತಿಯೊಬ್ಬ ಆಪರೇಟರ್ ಕೆಲಸವನ್ನು ಜಾಗದಲ್ಲೇ ಮಾಡಿ ತೋರಿಸಬೇಕು, ನೋಡುವವರು ಇಬ್ಬರು, ಒಬ್ಬ ಶಿಫ್ಟ್ ಇನ್‌ಚಾರ್ಜ್ ಮತ್ತು ಬೇರೆ ಪಾಳಿಯ ಒಬ್ಬ ಹಿರಿಯ ಆಪರೇಟರ್. ನಡುವೆ ಪಂಪ್ ನಿಂತರೆ ಏನು ಮಾಡುತ್ತೀರಿ, ಕ್ಲಾಂಪ್ ಜಾರಿದರೆ ಏನು ಮಾಡುತ್ತೀರಿ ಎಂದು ಅವರು ಕೇಳುತ್ತಾರೆ.

ಗುತ್ತಿಗೆ ಕಾರ್ಮಿಕರ ವಿಷಯದಲ್ಲಿ ತಪ್ಪು ಅರ್ಧ ನಮ್ಮದು, ಅರ್ಧ ಅವರದು. ಡ್ರಮ್ ಉರುಳಿಸುವವರು, ಪುಡಿಯ ಚೀಲ ಸುರಿಯುವವರು, ಟ್ಯಾಂಕಿನೊಳಗೆ ಇಳಿದು ತೊಳೆಯುವವರು ಬಹುಪಾಲು ಗುತ್ತಿಗೆಯವರೇ. ಅವರಲ್ಲಿ ಅನೇಕರು ಬಿಹಾರ, ಒಡಿಶಾ ಕಡೆಯವರು, ಅವರ ಜೊತೆ ನಡೆಯುವ ಮಾತು ಹಿಂದಿ. ನಾವು ಕೊಟ್ಟ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಗುತ್ತಿಗೆದಾರ ಅವರ ಆರು ದಿನದ ಕೂಲಿ ಯಾರು ಕೊಡುತ್ತಾರೆ ಎಂದು ಕೇಳಿದ್ದ, ನಮ್ಮ ಎಚ್‌ಆರ್‌ನವರು ಉತ್ತರ ಕೊಟ್ಟಿರಲಿಲ್ಲ. ಆದರೆ ನೆಲದ ಮೇಲೆ ಎರಡು ಪಾಳಿ ನಿಂತ ತರಬೇತುದಾರರಿಗೆ ಕೆಲಸ ಯಾರು ಮಾಡುತ್ತಿದ್ದಾರೆ ಎಂಬುದು ಕಂಡಿತ್ತು, ಕೇಳಬೇಕಿತ್ತು. ಬೆರಳಿಗೆ ಕಿಡಿ ತಾಗಿದ ಹೆಲ್ಪರ್ ಕೂಡ ಗುತ್ತಿಗೆಯವನೇ. ಅವನ ಘಟನೆಯಿಂದಲೇ ಶುರುವಾದ ಈ ಆರು ದಿನಗಳಲ್ಲಿ ಅವನು ಕೋಣೆಯೊಳಗೆ ಬಂದದ್ದು ಚಹಾ ತಂದುಕೊಡಲು.

ಇವುಗಳ ಜೊತೆಗೆ, ಸಲಹೆಗಳನ್ನು ಮೊಬೈಲಿನಲ್ಲೇ ದಾಖಲಿಸುವ ಆ್ಯಪ್ ಕೊಳ್ಳಿ ಎಂದು ಮೂರು ತಿಂಗಳು ಫೋನ್ ಮಾಡಿದರು. ದ್ರಾವಕ ಬಳಸುವ ಜಾಗದೊಳಗೆ ಸಾಮಾನ್ಯ ಮೊಬೈಲ್ ಒಯ್ಯುವಂತೆಯೇ ಇಲ್ಲ ಎಂಬುದನ್ನು ಮಾರಾಟದವರಿಗೆ ನಾಲ್ಕು ಸಲ ಹೇಳಬೇಕಾಯಿತು.

ಐದಕ್ಕೆ ಅಂಕ ಕೊಡು ಎಂದರೆ ಮೊದಲ ನಾಲ್ಕು ದಿನಗಳಿಗೆ ನಾಲ್ಕೂವರೆ, ಉಳಿದ ಎರಡಕ್ಕೆ ಒಂದು. ಇಂಥ ಸೇವೆಯನ್ನು ಕೊಳ್ಳುವ ಯೋಚನೆ ಇರುವ ಘಟಕಗಳು ವರ್ಕ್ ಆರ್ಡರಿನಲ್ಲೇ ಕೆಲವು ಮಾತು ಬರೆಸಿಕೊಳ್ಳಬೇಕು: ತರಬೇತುದಾರರು ಕನಿಷ್ಠ ಒಂದು ರಾತ್ರಿ ಪಾಳಿಯಲ್ಲಿ ನಿಲ್ಲಬೇಕು, ಮೊದಲು ಬಂದವರೇ ಕೊನೆಗೂ ಬರಬೇಕು, ಪರೀಕ್ಷೆ ಯಂತ್ರದ ಬಳಿ ನಡೆಯಬೇಕು, ಎಸ್‌ಒಪಿಯ ಅಂತಿಮ ಕರಡನ್ನು ಕೆಲಸ ಮಾಡುವವರು ಓದಿ ಹೇಳಿದ ಮೇಲಷ್ಟೇ ಕೊನೆಯ ಕಂತು. ನಾವು ಇದೇ ಸಂಸ್ಥೆಯನ್ನು ಮತ್ತೆ ಎರಡು ದಿನಕ್ಕೆ ಕರೆದಿದ್ದೇವೆ. ಈ ಸಲದ ಪಟ್ಟಿಯಲ್ಲಿ ಗುತ್ತಿಗೆಯ ಹದಿನಾರು ಹೆಲ್ಪರುಗಳ ಹೆಸರಿದೆ, ಅವರ ಎರಡು ದಿನದ ಕೂಲಿ ಘಟಕದ್ದೇ, ಮಾತು ಹಿಂದಿಯಲ್ಲಿ. ಹೊರಗೆ ಹೋಗಿ ಎಂದು ಯಾರಾದರೂ ಹೇಳುವ ಮೊದಲೇ ನಾನು ಬಾಗಿಲಾಚೆ ಇರುತ್ತೇನೆ.